ಕೂದಲಿಗೆ ಎಣ್ಣೆ, ಹಿಮ್ಮಡಕ್ಕೂ ನಾಲ್ಕು ಹನಿ

(ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಹಳ್ಳಿ. ಅಲ್ಲಿನ ಮಹಿಳಾ ಕಲಿಕಾ ಕೇಂದ್ರದಲ್ಲಿ ಸಂಕ್ರಾಂತಿ ಮುಗಿದ ವಾರ ನಿವೃತ್ತ ನರ್ಸಬಾಯಿಯೊಬ್ಬರು ಆಡಿದ ಮಾತು ಇದು. ಅವರು ಮಾತಾಡಿದ ಹಾಗೆಯೇ ಬರೆದುಕೊಂಡಿದ್ದೇವೆ. ಒಬ್ಬರು ಜೋರಾಗಿ ಓದಿರಿ, ಉಳಿದವರು ಕೇಳಿರಿ. ಆಮೇಲೆ ಎಲ್ಲರೂ ಕೂಡಿ ಮಾತಾಡಿರಿ.)



ಮೊನ್ನೆ ಭೋಗಿ ಹಬ್ಬ ಆಯಿತು. ಎಳ್ಳು ಅರೆದು ಹಚ್ಚಿಕೊಂಡು ತಲೆ ಎರಕೊಂಡಿರಿ. ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿ ಬಡಿದಿರಿ. ಮರುದಿನ ಎಳ್ಳು ಬೆಲ್ಲ ಹಂಚಿದಿರಿ. ಈ ಹಬ್ಬದಾಗ ಇಷ್ಟು ಎಳ್ಳು ಯಾಕೆ ಅಂತ ಯಾವತ್ತಾದರೂ ವಿಚಾರ ಮಾಡೀರೇನು? ಎಳ್ಳಿನ ಒಳಗೆ ಎಣ್ಣೆ ಇದೆ. ಈ ತಿಂಗಳು ನಮ್ಮ ಕಡೆ ಹವೆ ಒಣ, ಗಾಳಿ ಥಂಡಿ. ಮೈ ಬಿರಿಯುತ್ತದೆ, ತುಟಿ ಒಡೆಯುತ್ತದೆ, ಕೂದಲು ಜಾಡಿನಂತೆ ಒರಟಾಗುತ್ತದೆ. ಇಂಥ ಹೊತ್ತಿನಲ್ಲಿ ಮೈಗೂ ಎಣ್ಣೆ ಬೇಕು, ಹೊಟ್ಟೆಗೂ ಎಣ್ಣೆ ಬೇಕು. ಹಿರಿಯರು ಪುಸ್ತಕ ಬರೆಯಲಿಲ್ಲ. ಹಬ್ಬ ಮಾಡಿ ಇಟ್ಟು ಹೋದರು.

ನಿಮ್ಮ ಟೀಚರಬಾಯಿ ನನಗೆ ಹೇಳಿದರು, "ಕೂದಲು ಮತ್ತು ಚರ್ಮದ ಬಗ್ಗೆ ಮಾತಾಡ್ರಿ" ಅಂತ. ಇದನ್ನು ಕೇಳಿ ಒಬ್ಬ ಅಕ್ಕ ನಕ್ಕರು. "ನಾವೇನು ಸಿನಿಮಾದವರೇನ್ರಿ? ಕಬ್ಬು ಕಡಿಯೋರು, ದ್ರಾಕ್ಷಿ ತೋಟಕ್ಕ ಹೋಗೋರು. ನಮಗ ಯಾಕ ಬೇಕು ಈ ಸಿಂಗಾರ?" ಅಂದರು.

ಅಕ್ಕಾ, ನಾನು ಸಿಂಗಾರದ ಮಾತು ಆಡಲಿಕ್ಕೆ ಬಂದಿಲ್ಲ. ಚರ್ಮ ಅಂದರೆ ನಮ್ಮ ಮೈಯ ಗೋಡೆ. ಗೋಡೆ ಬಿರಿದರೆ ಇಲಿ ಬರತಾವ, ಹಾವು ಬರತಾವ. ಚರ್ಮ ಬಿರಿದರೆ ರೋಗದ ಕ್ರಿಮಿ ಒಳಗೆ ಹೋಗುತ್ತವೆ. ಈ ಮಾತು ನಾನು ಪುಸ್ತಕದಿಂದ ಅಷ್ಟೇ ಕಲಿತಿಲ್ಲ. ನಮ್ಮವ್ವನ ಕಾಲಿನಿಂದ ಕಲಿತೆ. ಆ ಕಥೆ ಆಮೇಲೆ ಹೇಳತೇನಿ.

ಚರ್ಮ ಒಣಗುವುದು ಯಾಕೆ?

ನಿಮ್ಮ ಮುಂಗೈಯನ್ನು ಉಗುರಿನಿಂದ ಮೆಲ್ಲಗೆ ಗೀರಿ ನೋಡ್ರಿ. ಬಿಳಿ ಗೀಟು ಬಿತ್ತೇನು? ಬಿದ್ದರೆ ನಿಮ್ಮ ಚರ್ಮ ಒಣಗಿದೆ ಅಂತ ತಿಳಿಯಿರಿ.

ಚರ್ಮದ ಎಲ್ಲಕ್ಕೂ ಮೇಲಿನ ಪದರ ಬಲು ತೆಳು. ಅದು ಇಟ್ಟಂಗಿ ಗೋಡೆಯ ಹಾಗೆ ಇರುತ್ತದೆ. ಸತ್ತ ಜೀವಕಣಗಳು ಇಟ್ಟಂಗಿ. ಅವುಗಳ ನಡುವೆ ಇರುವ ಕೊಬ್ಬು ಗಿಲಾವು. ಈ ಗಿಲಾವು ಗಟ್ಟಿ ಇದ್ದರೆ ಒಳಗಿನ ನೀರು ಹೊರಗೆ ಹೋಗುವುದಿಲ್ಲ. ಗಿಲಾವು ತೊಳೆದು ಹೋದರೆ ನೀರು ಆರಿ ಹೋಗುತ್ತದೆ. ಆಗ ಚರ್ಮ ಬಿಗಿಯುತ್ತದೆ, ಹೊಟ್ಟು ಏಳುತ್ತದೆ, ಕಡಿತ ಶುರು ಆಗುತ್ತದೆ, ಕಡೆಗೆ ಬಿರಿಯುತ್ತದೆ.

ಗಿಲಾವು ತೊಳೆದು ಹೋಗುವುದು ಯಾವುದರಿಂದ? ನಾಲ್ಕು ಕಾರಣ ಹೇಳತೇನಿ, ಬೆರಳು ಮಡಚಿ ಎಣಿಸಿರಿ.

ಒಂದು, ಸುಡುಸುಡು ನೀರು. ಚಳಿಗೆ ಹಂಡೆಯ ನೀರು ಕುದಿಸಿ ಮೈಮೇಲೆ ಸುರಕೊಂಡರೆ ಹಿತ ಅನಿಸುತ್ತದೆ. ಆದರೆ ಜಿಡ್ಡಿನ ಪಾತ್ರೆ ಬಿಸಿನೀರಿಗೆ ಹೇಗೆ ಬೇಗ ಸ್ವಚ್ಛ ಆಗುತ್ತದೋ, ಹಾಗೆಯೇ ಮೈಯ ಜಿಡ್ಡೂ ಹೋಗುತ್ತದೆ. ಉಗುರು ಬೆಚ್ಚಗಿನ ನೀರು ಸಾಕು.

ಎರಡು, ಸಾಬಾಣ. ಬಟ್ಟೆ ಒಗೆಯುವ ಸಾಬಾಣದಿಂದ ಮೈ ತೊಳೆಯುವ ರೂಢಿ ಇನ್ನೂ ಕೆಲವು ಮನೆಗಳಲ್ಲಿ ಇದೆ. ಅದು ಬೇಡ. ಮೈ ಸಾಬಾಣ ಆದರೂ ದಿನಾಲೂ ಇಡೀ ಮೈಗೆ ಬೇಡ. ಕಂಕುಳು, ತೊಡೆಸಂದು, ಕಾಲು ಇಷ್ಟಕ್ಕೆ ಹಚ್ಚಿರಿ. ಉಳಿದ ಮೈಗೆ ನೀರು ಸಾಕು. ಧೂಳಿನಲ್ಲಿ ದುಡಿದ ದಿನದ ಮಾತು ಬೇರೆ.

ಮೂರು, ಒಣ ಹವೆ, ಗಾಳಿ, ಬಿಸಿಲು. ಇವನ್ನು ನಾವು ತಡೆಯಲಾರೆವು. ಮೈ ಮುಚ್ಚಿಕೊಳ್ಳಬಹುದು. ಹೊಲಕ್ಕೆ ಹೋಗುವಾಗ ತಲೆ ಮೇಲೆ ಸೆರಗು, ಕೈಗೆ ತುಂಬು ತೋಳಿನ ಅಂಗಿ ಇರಲಿ.

ನಾಲ್ಕು, ವಯಸ್ಸು. ವಯಸ್ಸು ಆದಂತೆ ಚರ್ಮದ ಎಣ್ಣೆ ಗ್ರಂಥಿಗಳು ಸೋಲುತ್ತವೆ. ಅದಕ್ಕೇ ಮುದುಕರು ರಾತ್ರಿಯೆಲ್ಲಾ ಮೈ ಕೆರೆದುಕೊಳ್ಳುತ್ತಾರೆ. "ಮುದುಕಿಗೆ ಹೊತ್ತು ಹೋಗೂದಿಲ್ಲ, ಕೆರಕೋತದ" ಅಂತ ಸೊಸೆಯಂದಿರು ನಗಬ್ಯಾಡ್ರಿ. ಆಕೆಯ ಬೆನ್ನಿಗೆ ಎಣ್ಣೆ ಹಚ್ಚಿರಿ. ಆಕೆಯ ಕೈ ಬೆನ್ನಿಗೆ ಎಟಕುವುದಿಲ್ಲ.

ಮೂರು ನಿಮಿಷದ ಮಾತು

ಈಗ ಮುಖ್ಯ ಮಾತು. ಎಣ್ಣೆಯಾಗಲಿ, ಮಲಮಾಗಲಿ ಚರ್ಮಕ್ಕೆ ನೀರು ಕೊಡುವುದಿಲ್ಲ. ಇರುವ ನೀರನ್ನು ಹಿಡಿದು ಇಡುತ್ತದೆ. ಕೊಡದ ಮೇಲೆ ಮುಚ್ಚಳ ಇಟ್ಟ ಹಾಗೆ. ಖಾಲಿ ಕೊಡಕ್ಕೆ ಮುಚ್ಚಳ ಇಟ್ಟರೆ ಏನು ಬಂತು? ಅದಕ್ಕೇ ಮೈ ಪೂರಾ ಒಣಗಿದ ಮೇಲೆ ಎಣ್ಣೆ ಹಚ್ಚಿದರೆ ಉಪಯೋಗ ಕಡಿಮೆ.

ಸ್ನಾನ ಆದ ಕೂಡಲೇ ಟಾವೆಲಿನಿಂದ ಮೈ ತಿಕ್ಕಬೇಡಿ. ಒತ್ತಿ ಒತ್ತಿ ಒರೆಸಿರಿ. ಮೈ ಇನ್ನೂ ಸ್ವಲ್ಪ ಹಸಿ ಇರುವಾಗಲೇ, ಮೂರು ನಿಮಿಷದ ಒಳಗೆ, ಎಣ್ಣೆ ಹಚ್ಚಿರಿ. ಒಂದು ಚಮಚ ಎಣ್ಣೆ ಕೈಕಾಲಿಗೆ ಸಾಕು. ಬಚ್ಚಲಿನಲ್ಲಿಯೇ ಎಣ್ಣೆಯ ಸಣ್ಣ ಬಾಟಲಿ ಇಡಿರಿ. ಎದ್ದು ಒಳಗೆ ಹೋದಿರಿ ಅಂದರೆ ಮಗು ಅಳುತ್ತದೆ, ಹಾಲು ಉಕ್ಕುತ್ತದೆ, ಎಣ್ಣೆ ಮರೆತೇ ಹೋಗುತ್ತದೆ.

ಯಾವ ಎಣ್ಣೆ? ಕೊಬ್ಬರಿ ಎಣ್ಣೆ ಒಳ್ಳೇದು. ಸೂರ್ಯಕಾಂತಿ ಎಣ್ಣೆಯೂ ಒಳ್ಳೇದು. ಸಾಸಿವೆ ಎಣ್ಣೆ ಬೇಡ, ಅದು ಚರ್ಮದ ಗಿಲಾವನ್ನು ಕೆಡಿಸುತ್ತದೆ. ಕೂಸುಗಳಿಗಂತೂ ಬೇಡವೇ ಬೇಡ.

ಎಲ್ಲಕ್ಕಿಂತ ಗಟ್ಟಿ ಮುಚ್ಚಳ ಯಾವುದು ಗೊತ್ತೇನು? ಪೆಟ್ರೋಲಿಯಂ ಜೆಲ್ಲಿ. ಜನ ವ್ಯಾಸಲಿನ್ ಅಂತಾರೆ. ಇದಕ್ಕೆ ಅಮೆರಿಕದಲ್ಲಿ 1872ರಲ್ಲಿ ಪೇಟೆಂಟ್ ಸಿಕ್ಕಿತು. ಭೂಮಿಯಿಂದ ತೆಗೆದ ಎಣ್ಣೆಯನ್ನು ಶುದ್ಧ ಮಾಡಿ ಇದನ್ನು ತಯಾರಿಸುತ್ತಾರೆ. ಇದರಲ್ಲಿ ಪರಿಮಳ ಇಲ್ಲ, ಬಣ್ಣ ಇಲ್ಲ. ಒಡೆದ ತುಟಿ, ಒಡೆದ ಹಿಮ್ಮಡ, ಬಿರಿದ ಕೈ ಎಲ್ಲಕ್ಕೂ ಆಗುತ್ತದೆ. ಇನ್ನೊಂದು ಗ್ಲಿಸರಿನ್. ಅದು ನೀರನ್ನು ಎಳೆದು ಹಿಡಿಯುತ್ತದೆ. ಅದನ್ನು ಹಾಗೆಯೇ ಹಚ್ಚಬಾರದು. ಎರಡು ಪಾಲು ನೀರು, ಒಂದು ಪಾಲು ಗ್ಲಿಸರಿನ್ ಕೂಡಿಸಿ ಹಚ್ಚಿ, ಮೇಲೆ ಎಣ್ಣೆ ಸವರಿರಿ.

ಲಿಂಬೆರಸ, ಅಡಿಗೆ ಸೋಡಾ ಇವನ್ನು ಒಣ ಚರ್ಮಕ್ಕೆ ತಿಕ್ಕಬೇಡಿ. ಉರಿಯುತ್ತದೆ, ಇನ್ನಷ್ಟು ಒಣಗುತ್ತದೆ. ನೀರು ಕುಡಿಯಬೇಕು, ಖರೆ. ಆದರೆ ಬರೀ ನೀರು ಕುಡಿದರೆ ಮೈ ಮೆತ್ತಗಾಗುವುದಿಲ್ಲ. ಮುಚ್ಚಳವೂ ಬೇಕು.

ಉದ್ದ ಕೂದಲಿನ ಲೆಕ್ಕ

ಇನ್ನು ಕೂದಲು. ಅಕ್ಕಮಹಾದೇವಿಯ ಚಿತ್ರ ನಿಮ್ಮ ಮನೆಗಳಲ್ಲಿ ಇರಬಹುದು. ಮೈ ತುಂಬ ಕೂದಲನ್ನೇ ಹೊದ್ದ ತಾಯಿ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉದ್ದ ಕೂದಲು ಅಂದರೆ ಹೆಮ್ಮೆ. ಆದರೆ ಉದ್ದ ಕೂದಲು ಇಟ್ಟುಕೊಳ್ಳುವುದು ಸುಲಭದ ಕೆಲಸ ಅಲ್ಲ.

ಒಂದು ಲೆಕ್ಕ ಮಾಡೋಣ. ಪಾಟಿ ತಗೊಳ್ರಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ನಿಮ್ಮ ಹೆರಳು 72 ಸೆಂಟಿಮೀಟರ್ ಉದ್ದ ಇದೆ ಅನ್ನಿ. ಅಂದರೆ 72 ತಿಂಗಳ ಬೆಳೆ. ವರ್ಷಕ್ಕೆ 12 ತಿಂಗಳು. 72ನ್ನು 12ರಿಂದ ಭಾಗಿಸಿದರೆ ಎಷ್ಟು? ಆರು. ಅಂದರೆ ನಿಮ್ಮ ಹೆರಳಿನ ತುದಿ ಆರು ವರ್ಷದ ಹಳೇದು. ಆರು ವರ್ಷದ ಬಿಸಿಲು, ಧೂಳು, ಸಿಕ್ಕು, ಸವಳು ನೀರು ಎಲ್ಲಾ ಅದು ಕಂಡಿದೆ. ಆರು ವರ್ಷ ಉಟ್ಟ ಸೀರೆಯ ಅಂಚು ಹೇಗಿರತದ? ಹಾಗೇ ಕೂದಲ ತುದಿ. ಅದಕ್ಕೇ ಬೇರಿಗಿಂತ ತುದಿಗೆ ಹೆಚ್ಚು ಎಣ್ಣೆ ಬೇಕು. ನಾವು ಮಾಡುವುದು ತಿರುವು ಮುರುವು. ನೆತ್ತಿಗೆ ಒಂದು ಹಿಡಿ ಎಣ್ಣೆ ತಟ್ಟುತ್ತೇವೆ. ತುದಿ ಒಣಗಿ ಸೀಳುತ್ತದೆ.

ಹೊರಗೆ ಕಾಣುವ ಕೂದಲಿಗೆ ಜೀವ ಇಲ್ಲ. ಅದಕ್ಕೇ ಕತ್ತರಿಸಿದರೆ ನೋವಾಗುವುದಿಲ್ಲ. ಜೀವ ಇಲ್ಲದ ಮೇಲೆ ಸೀಳಿದ ಕೂದಲು ತಾನೇ ಕೂಡಿಕೊಳ್ಳುವುದೂ ಇಲ್ಲ. ಸೀಳಿದ ತುದಿಯನ್ನು ಎರಡು ಮೂರು ತಿಂಗಳಿಗೊಮ್ಮೆ ಒಂದು ಬೆರಳಗಲ ಕತ್ತರಿಸಿರಿ. ಕತ್ತರಿಸಿದರೆ ಬೇಗ ಬೆಳೆಯುತ್ತದೆ ಅನ್ನುವುದು ಸುಳ್ಳು. ಸೀಳು ಮೇಲೆ ಏರುವುದಿಲ್ಲ ಅನ್ನುವುದು ಖರೆ.

ಎಣ್ಣೆ ಕೂದಲನ್ನು ಬೆಳೆಸುವುದಿಲ್ಲ, ಕಾಯುತ್ತದೆ. ಕೂದಲು ನೀರು ಕುಡಿದಾಗ ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಹೀಗೆ ಉಬ್ಬಿ ಕುಗ್ಗಿ ಜೊಳ್ಳಾಗುತ್ತದೆ. ತೊಳೆಯುವ ಮೊದಲೇ ಎಣ್ಣೆ ಹಚ್ಚಿದರೆ ಉಬ್ಬುವುದು ಕಡಿಮೆ. ಮುಂಬಯಿಯ ಒಂದು ಎಣ್ಣೆ ಕಂಪನಿಯ ವಿಜ್ಞಾನಿಗಳು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಮೂರನ್ನೂ ಕೂದಲಿಗೆ ಹಚ್ಚಿ ಪರೀಕ್ಷೆ ಮಾಡಿದರು. 2003ರಲ್ಲಿ ಅದನ್ನು ಪ್ರಕಟ ಮಾಡಿದರು. ಕೂದಲಿನ ಸತ್ವ ಸೋರದಂತೆ ಕಾದದ್ದು ಕೊಬ್ಬರಿ ಎಣ್ಣೆ ಮಾತ್ರ. "ಎಣ್ಣೆ ಮಾರೋರು ಎಣ್ಣೀನ ಹೊಗಳತಾರ" ಅಂತ ನೀವು ಅನ್ನಬಹುದು. ಅನ್ನಬೇಕು ಕೂಡ. ಆದರೆ ಕಾರಣ ತಿಳಿಯುವಂತಿದೆ. ಕೊಬ್ಬರಿ ಎಣ್ಣೆಯ ಕಣ ಸಣ್ಣದು, ನೆಟ್ಟಗೆ. ಅದು ಕೂದಲಿನ ಒಳಗೆ ಇಳಿಯುತ್ತದೆ. ಉಳಿದ ಎರಡು ಹೊರಗೇ ನಿಲ್ಲುತ್ತವೆ. ನಮ್ಮ ಅಜ್ಜಿಯರು ಕಂಪನಿ ಹುಟ್ಟುವ ಮೊದಲೇ ಇದನ್ನು ಹಚ್ಚುತ್ತಿದ್ದರು.

ಒಂದು ಬಕೀಟು ನೀರಿನಲ್ಲಿ ತಲೆಸ್ನಾನ

ನೀವು ಕೇಳಬಹುದು, "ಬಾಯಾರೇ, ಟ್ಯಾಂಕರ್ ಬಂದ ದಿನ ಕುಡಿಯಲಿಕ್ಕೆ ಎರಡು ಕೊಡ ಸಿಕ್ಕರ ಪುಣ್ಯ. ಉದ್ದ ಕೂದಲ ತೊಳಿಯಲಿಕ್ಕೆ ನೀರ ಎಲ್ಲಿಂದ ತರೂದು?" ನಾನೂ ಇದೇ ತಾಲೂಕಿನವಳು. ಬ್ಯಾಸಿಗೆಯಲ್ಲಿ ನಾನೂ ಕೊಡ ಹೊತ್ತು ಸರದಿಗೆ ನಿಂತವಳು. ನಾನು ಮಾಡುವ ರೀತಿ ಹೇಳತೇನಿ.

ಮೊದಲು ಒಣ ಕೂದಲನ್ನು ಬಿಡಿಸಿ ಸಿಕ್ಕು ತೆಗೆಯಿರಿ. ಹಸಿ ಕೂದಲು ಹಿಗ್ಗುತ್ತದೆ, ಬೇಗ ಹರಿಯುತ್ತದೆ. ಅದಕ್ಕೇ ಸಿಕ್ಕು ಬಿಡಿಸುವ ಕೆಲಸ ನೀರಿಗಿಂತ ಮೊದಲು.

ಆಮೇಲೆ ಎರಡು ಚಮಚ ಕೊಬ್ಬರಿ ಎಣ್ಣೆ ತಗೊಂಡು ಕೂದಲಿನ ಉದ್ದಕ್ಕೂ ಸವರಿರಿ. ತುದಿಗೆ ಹೆಚ್ಚು. ಹಿಂದಿನ ರಾತ್ರಿ ಹಚ್ಚಿದರೂ ಸರಿ, ಒಂದು ತಾಸು ಮೊದಲು ಹಚ್ಚಿದರೂ ಸರಿ.

ಶಾಂಪೂ ಪಾಕೀಟನ್ನು ನೇರ ತಲೆಗೆ ಸುರಿಯಬೇಡಿ. ಒಂದು ತಂಬಿಗೆ ನೀರಿನಲ್ಲಿ ಕದಡಿ ನೆತ್ತಿಗೆ ಮಾತ್ರ ಹಾಕಿ ಬೆರಳತುದಿಯಿಂದ ತಿಕ್ಕಿರಿ. ಉದ್ದ ಕೂದಲಿಗೆ ಬೇರೆ ಶಾಂಪೂ ಬೇಡ. ಮೇಲಿಂದ ಇಳಿದ ನೊರೆಯೇ ಅದನ್ನು ತೊಳೆಯುತ್ತದೆ. ನೊರೆ ಕಡಿಮೆ ಆದರೆ ನೀರೂ ಕಡಿಮೆ ಸಾಕು.

ಸೀಗೆಕಾಯಿ, ಅಂಟವಾಳ ಹಚ್ಚುವವರು ಹಚ್ಚಿರಿ. ಅವುಗಳಲ್ಲಿ ನೊರೆ ಬರುವ ಗುಣ ತಾನಾಗಿಯೇ ಇದೆ. ಆದರೆ ಪುಡಿ ಸಣ್ಣಗೆ ಸೋಸಿರಬೇಕು, ಕಣ್ಣಿಗೆ ಬೀಳಬಾರದು.

ಸಾಬಾಣ ಮಾತ್ರ ತಲೆಗೆ ಬೇಡ. ನಮ್ಮ ಬೋರಿನ ನೀರು ಸವಳು. ಅದರಲ್ಲಿ ಸುಣ್ಣದ ಅಂಶ ಇರುತ್ತದೆ. ಸಾಬಾಣ ಮತ್ತು ಸುಣ್ಣ ಕೂಡಿದರೆ ಬಿಳಿ ಜಿಗುಟು ಆಗುತ್ತದೆ. ಬಚ್ಚಲ ಕಲ್ಲಿನ ಮೇಲೆ ಕಾಣತದಲ್ಲ, ಅದೇ ಜಿಗುಟು. ಅದು ಕೂದಲಿಗೆ ಹತ್ತಿ ಒರಟಾಗುತ್ತದೆ. ಮಳೆ ನೀರು ಹಿಡಿದು ಇಟ್ಟಿದ್ದರೆ ಕಡೆಯ ಎರಡು ತಂಬಿಗೆ ಆ ನೀರು ಹಾಕಿರಿ.

ಕೂದಲನ್ನು ಹಿಂಡಬೇಡಿ, ಟಾವೆಲಿನಿಂದ ಬಡಿಯಬೇಡಿ. ಹಳೆಯ ಧೋತರದ ಮೆತ್ತನ್ನ ಅರಿವೆಯಲ್ಲಿ ಸುತ್ತಿ ಬಿಡಿರಿ. ಅರ್ಧ ಆರಿದ ಮೇಲೆ ಅಗಲ ಹಲ್ಲಿನ ಹಣಿಗೆಯಿಂದ ಬಾಚಿರಿ. ತುದಿಯಿಂದ ಶುರು ಮಾಡಿ ಮೇಲೆ ಹೋಗಿರಿ. ಮೇಲಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಗಂಟಾಗಿ ಕೂದಲು ಹರಿಯುತ್ತದೆ. ಕಡೆಗೆ ಅಂಗೈಗೆ ನಾಲ್ಕು ಹನಿ ಎಣ್ಣೆ ಹಾಕಿ ತುದಿಗೆ ಸವರಿ ಹೆರಳು ಹಾಕಿರಿ.

ಹೆರಳು ಬಿಗಿಯಾಗಿ ಎಳೆದು ಕಟ್ಟಬೇಡಿ. ವರ್ಷಗಟ್ಟಲೆ ಎಳೆದರೆ ಹಣೆಯ ಮೇಲಿನ ಕೂದಲು ಉದುರಿ ಹೋಗುತ್ತದೆ, ಮತ್ತೆ ಬರುವುದೂ ಕಷ್ಟ. ಸಾಲಿಗೆ ಹೋಗುವ ಹುಡುಗಿಯರಿಗೆ ತಾಯಂದಿರು ಕಣ್ಣು ಮೇಲೆ ಹೋಗುವ ಹಾಗೆ ಎಳೆದು ಕಟ್ಟುತ್ತೀರಿ. ಸ್ವಲ್ಪ ಸಡಿಲ ಬಿಡ್ರಿ.

ಹೇನು ಆದರೆ ಸೀಮೆಎಣ್ಣೆ ಹಚ್ಚಬೇಡಿ. ಚರ್ಮ ಸುಡುತ್ತದೆ, ಬೆಂಕಿಯ ಭಯ ಬೇರೆ. ಎಣ್ಣೆ ಹಚ್ಚಿ ಸೀರಣಿಗೆಯಿಂದ ದಿನ ಬಿಟ್ಟು ದಿನ ಬಾಚಿರಿ. ಮನೆಯ ಎಲ್ಲರ ತಲೆ ನೋಡಿರಿ. ಕಡಿಮೆ ಆಗದಿದ್ದರೆ ದವಾಖಾನೆಯಲ್ಲಿ ಔಷಧಿ ಕೇಳಿರಿ.

ಕೂದಲು ಉದುರಿದರೆ

ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವೆ. ದಿನಕ್ಕೆ ಐವತ್ತರಿಂದ ನೂರು ಉದುರುವುದು ಸಹಜ. ಉದ್ದ ಕೂದಲಿನವರಿಗೆ ಅದೇ ದೊಡ್ಡ ಉಂಡೆಯಾಗಿ ಕಾಣುತ್ತದೆ. ಹೆದರಬೇಡಿ. ಬಾಣಂತಿಗೆ ಮೂರು ನಾಲ್ಕು ತಿಂಗಳಿಗೆ ಕೂದಲು ಬಹಳ ಉದುರುತ್ತದೆ. ಅದೂ ಸಹಜ, ಮತ್ತೆ ಬರುತ್ತದೆ. "ಕೂಸು ತಾಯಿ ಕೂದಲ ತಿಂತು" ಅಂತ ಕೂಸನ್ನು ಬೈಯಬೇಡಿ.

ಆದರೆ ಈ ಮಾತು ಗಮನದಲ್ಲಿ ಇಡಿರಿ. ಮೈ ಒಣಗಿದೆ, ಕೂದಲು ಉದುರುತ್ತಿದೆ, ಸದಾ ಆಯಾಸ, ಚಳಿ ತಡೆಯುವುದಿಲ್ಲ, ಮಲಬದ್ಧತೆ, ತೂಕ ಏರುತ್ತಿದೆ. ಇವೆಲ್ಲ ಕೂಡಿ ಬಂದರೆ ಥೈರಾಯ್ಡ್ ತಪಾಸಣೆ ಮಾಡಿಸಿರಿ. ಕಣ್ಣ ರೆಪ್ಪೆಯ ಒಳಗೆ ಬಿಳಚಿದ್ದರೆ, ನಡೆದರೆ ಏದುಸಿರು ಬಂದರೆ ರಕ್ತ ಕಡಿಮೆ ಇರಬಹುದು. ರಕ್ತ ತಪಾಸಣೆ ಮಾಡಿಸಿರಿ. ಆಗ ಎಷ್ಟು ಎಣ್ಣೆ ಸುರಿದರೂ ಕೂದಲು ನಿಲ್ಲುವುದಿಲ್ಲ.

ಕೂದಲ ಬೇರಿಗೆ ಊಟದಿಂದ ಬಲ ಬರುತ್ತದೆ. ಬೇಳೆ, ಕಾಳು, ಶೇಂಗಾ ಹಿಂಡಿ, ಮೆಂತ್ಯೆ ಪಲ್ಯ, ರಾಜಗಿರಿ, ತಿನ್ನುವವರು ತತ್ತಿ. ಎಲ್ಲರೂ ಉಂಡ ಮೇಲೆ ಉಳಿದದ್ದು ಉಣ್ಣುವ ಹೆಣ್ಣುಮಗಳ ಪಾಲಿಗೆ ಪಲ್ಯ ಬರುವುದಿಲ್ಲ, ಬರೀ ರೊಟ್ಟಿ ಬರುತ್ತದೆ. ನಿಮ್ಮ ಪಾಲು ಮೊದಲೇ ತೆಗೆದು ಇಡಿರಿ. ಇದು ಪಾಪ ಅಲ್ಲ.

ನಮ್ಮವ್ವನ ಕಾಲು

ಈಗ ನಮ್ಮವ್ವನ ಕಥೆ.

ನಮ್ಮವ್ವನಿಗೆ ಮೊಣಕಾಲ ತನಕ ಕೂದಲು ಇತ್ತು. ಐತವಾರ ಬಂದರೆ ಬಿಸಿಲಿಗೆ ಕೂತು ಎಣ್ಣೆ ಹಚ್ಚುತ್ತಿದ್ದಳು. ಓಣಿಯ ಹುಡುಗಿಯರು ನೋಡಲಿಕ್ಕೆ ಬರುತ್ತಿದ್ದರು. ಎಪ್ಪತ್ತರ ಹತ್ತಿರ ಬಂದರೂ ಹೆರಳು ದಪ್ಪ ಇತ್ತು. ಆದರೆ ಆಕೆಯ ಹಿಮ್ಮಡ ಯಾರೂ ನೋಡುತ್ತಿರಲಿಲ್ಲ. ಬರಿಗಾಲಲ್ಲಿ ಹೊಲ, ಬರಿಗಾಲಲ್ಲಿ ಮನೆ. ಹಿಮ್ಮಡ ಒಣ ಎರೆಹೊಲದ ಹಾಗೆ ಬಿರಿದಿತ್ತು.

ನಾನು ಆಗ ಬೇರೆ ಊರಿನ ಉಪಕೇಂದ್ರದಲ್ಲಿ ಇದ್ದೆ. ಮನೆ ಮನೆ ತಿರುಗಿ ಜನರ ಆರೋಗ್ಯ ಕೇಳುವುದೇ ನನ್ನ ಕೆಲಸ. 2011ರ ಚಳಿಗಾಲದಲ್ಲಿ ಊರಿಗೆ ಹೋದೆ. ಅವ್ವ ಕುಂಟುತ್ತಿದ್ದಳು.

"ಏನಾಗೇದವ್ವಾ ಕಾಲಿಗೆ?" ಅಂದೆ.

"ಏನಿಲ್ಲ ಬಿಡು, ಹಿಮ್ಮಡ ಒಡದಾವ. ಬ್ಯಾಸಿಗಿ ಬಂದರ ತಾನ ಕೂಡತಾವ" ಅಂದಳು.

ಕಾಲು ಎತ್ತಿ ನೋಡಿದೆ. ಒಂದು ಬಿರುಕಿನ ಒಳಗೆ ಕೀವು ತುಂಬಿತ್ತು. ಬೆರಳ ಸಂದಿನಲ್ಲಿಯೂ ಹುಣ್ಣು. ಒತ್ತಿದೆ. ಆಕೆಗೆ ನೋವೇ ಇಲ್ಲ. ನೋವು ಇಲ್ಲ ಅಂದಾಗ ನನಗೆ ಎದೆ ಝಲ್ ಅಂದಿತು. ಸಕ್ಕರೆ ಕಾಯಿಲೆ ಬಹಳ ದಿನ ಇದ್ದರೆ ಕಾಲಿನ ನರ ಸಾಯುತ್ತವೆ. ನೋವು ತಿಳಿಯುವುದಿಲ್ಲ. ದೊಡ್ಡ ದವಾಖಾನೆಗೆ ಒಯ್ದೆವು. ಎರಡು ಬೆರಳು ತೆಗೆದರು. ಹಿಮ್ಮಡದ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಆ ನಾಲ್ಕು ತಿಂಗಳಲ್ಲಿ ಒಂದು ದಿನ ದೇವರ ಜಗಲಿ ಒರೆಸುತ್ತಿದ್ದೆ. ದೇವರ ಪಟದ ಹಿಂದೆ ಒಂದು ಚೀಟಿ ಸಿಕ್ಕಿತು. ಎರಡು ವರ್ಷದ ಹಿಂದೆ ಊರಲ್ಲಿ ಆರೋಗ್ಯ ಶಿಬಿರ ಆಗಿತ್ತಂತೆ. ಅವ್ವನ ರಕ್ತ ನೋಡಿದ್ದರಂತೆ. ಚೀಟಿಯ ಮೇಲೆ ಮರಾಠಿಯಲ್ಲಿ ಬರೆದಿತ್ತು: ಉಪವಾಸದ ಸಕ್ಕರೆ 238, ಕೂಡಲೇ ದವಾಖಾನೆಗೆ ತೋರಿಸಿ. ಉಪವಾಸದಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸಕ್ಕರೆ ಕಾಯಿಲೆಯ ಗುರುತು. ಇದು ಹೆಚ್ಚುಕಡಿಮೆ ಇಮ್ಮಡಿ.

"ಅವ್ವಾ, ಈ ಚೀಟಿ ಯಾಕ ಯಾರಿಗೂ ತೋರಿಸಲಿಲ್ಲ?" ಅಂದೆ.

"ಸರಕಾರಿ ಕಾಗದ, ಕಳೀಬಾರದು ಅಂತ ದೇವರ ಹಂತ್ಯಾಕ ಇಟ್ಟಿದ್ದೆ. ನನಗೇನು ಓದಾಕ ಬರತದೇನು? ನೀ ಬಂದಾಗ ತೋರಿಸಬೇಕಂದೆ, ನೀ ಬಂದಾಗೆಲ್ಲ ಅವಸರ" ಅಂದಳು.

ಚೀಟಿ ಕೊಟ್ಟವರ ತಪ್ಪು ಅಲ್ಲ. ಅವ್ವನ ತಪ್ಪೂ ಅಲ್ಲ. ಊರ ಮಂದಿಯ ಕಾಲು ನೋಡಿದ ನಾನು ನಮ್ಮವ್ವನ ಕಾಲು ನೋಡಲಿಲ್ಲ. ಇದು ನನ್ನ ತಪ್ಪು. ತಲೆಗೆ ಸುರಿದ ಎಣ್ಣೆಯಲ್ಲಿ ನಾಲ್ಕು ಹನಿ ಹಿಮ್ಮಡಕ್ಕೆ ಹಚ್ಚಿ ಅಂತ ಹೇಳಲಿಕ್ಕೆ ನನಗೆ ಬಾಯಿ ಇರಲಿಲ್ಲವೇನು? ಇತ್ತು. ಹೊತ್ತು ಇರಲಿಲ್ಲ ಅಂದುಕೊಂಡೆ. ಎಣ್ಣೆ ಹಚ್ಚಲಿಕ್ಕೆ ಕೂತಿದ್ದರೆ ಕಾಲು ಕಾಣುತ್ತಿತ್ತು. ಕಾಲು ಕಂಡಿದ್ದರೆ ಬೆರಳು ಉಳಿಯುತ್ತಿದ್ದವು.

ಅವ್ವ ಆಮೇಲೆ ಆರು ವರ್ಷ ಬದುಕಿದಳು. ಆ ಆರು ವರ್ಷ ಆಕೆಯ ಕಾಲಿಗೆ ಎಣ್ಣೆ ಹಚ್ಚದೆ ನಾವು ಯಾರೂ ಮಲಗಲಿಲ್ಲ. ನಾನು ಇಲ್ಲದ ದಿನ ನನ್ನ ತಮ್ಮನ ಹೆಂಡತಿ ಹಚ್ಚುತ್ತಿದ್ದಳು.

ಹಿಮ್ಮಡ ನೋಡಿಕೊಳ್ಳುವ ರೀತಿ

ಹಿಮ್ಮಡ ಒಡೆದಿದೆ, ಗಾಯ ಇಲ್ಲ, ಸಕ್ಕರೆ ಕಾಯಿಲೆಯೂ ಇಲ್ಲ ಅನ್ನುವವರು ಹೀಗೆ ಮಾಡಿರಿ. ರಾತ್ರಿ ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿ ಕಾಲು ಇಡಿರಿ. ಕಾಲು ತಿಕ್ಕುವ ಕಲ್ಲಿನಿಂದ ಮೆಲ್ಲಗೆ ತಿಕ್ಕಿರಿ. ಬ್ಲೇಡಿನಿಂದ ಕೊಯ್ಯಬೇಡಿ. ಒತ್ತಿ ಒರೆಸಿ, ಹಸಿ ಇರುವಾಗಲೇ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿರಿ. ಹದಿನೈದು ದಿನ ಬಿಡದೆ ಮಾಡಿರಿ. ಮೇಣದ ಬತ್ತಿಯ ಬಿಸಿ ಹನಿ ಬಿರುಕಿಗೆ ಹಾಕಬೇಡಿ. ತಂಬಾಕಿನ ಪುಡಿ, ಸುಣ್ಣ ತುಂಬಬೇಡಿ.

ಸಕ್ಕರೆ ಕಾಯಿಲೆ ಇದ್ದವರು ಕಾಲು ನೆನೆ ಇಡಬೇಡಿ. ನೀರು ಎಷ್ಟು ಬಿಸಿ ಅಂತ ನಿಮ್ಮ ಕಾಲಿಗೆ ತಿಳಿಯುವುದಿಲ್ಲ. ದಿನಾಲೂ ಕಾಲು ತೊಳೆದು, ಬೆರಳ ಸಂದು ಒಣಗಿಸಿ, ಅಂಗಾಲಿಗೆ ಮತ್ತು ಮೇಲೆ ಎಣ್ಣೆ ಹಚ್ಚಿರಿ. ಬೆರಳ ಸಂದಿಗೆ ಮಾತ್ರ ಹಚ್ಚಬೇಡಿ, ಅಲ್ಲಿ ಹಸಿ ಉಳಿದು ಕೊಳೆಯುತ್ತದೆ. ಬರಿಗಾಲಲ್ಲಿ ತಿರುಗಬೇಡಿ, ಮನೆಯೊಳಗೂ ಬೇಡ. ಅಂಗಾಲು ಕಾಣದಿದ್ದರೆ ಕೆಳಗೆ ಕನ್ನಡಿ ಇಟ್ಟು ನೋಡಿರಿ, ಇಲ್ಲ ಮೊಮ್ಮಕ್ಕಳಿಗೆ ತೋರಿಸಿರಿ. ಸಣ್ಣ ಗಾಯ ಕಂಡರೂ ಅದೇ ದಿನ ದವಾಖಾನೆಗೆ ಹೋಗಿರಿ.

ಡಬ್ಬಿಯ ಮೇಲಿನ ಅಕ್ಷರ

ಕಡೆಯ ಮಾತು. ನಾವು ಗಡಿಯ ಜನ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಔಷಧಿ ಡಬ್ಬಿಯ ಮೇಲೆ ಇಂಗ್ಲಿಷ್. ಮೂರರ ನಡುವೆ ನಾವು ಕಣ್ಣು ಪಿಳಿಪಿಳಿ ಬಿಡುತ್ತೇವೆ. ಅಂಗಡಿಯವ ಕೊಟ್ಟದ್ದೇ ಔಷಧಿ.

ಮೈ ಒಣಗಿ ಕಡಿತ ಬಂದರೆ ಅಂಗಡಿಗೆ ಹೋಗಿ "ಒಂದು ಮಲಮು ಕೊಡ್ರಿ" ಅಂತೇವೆ. ಒಂದು ಟ್ಯೂಬ್ ಕೊಡುತ್ತಾರೆ. ಎರಡೇ ದಿನಕ್ಕೆ ಕಡಿತ ನಿಲ್ಲುತ್ತದೆ, ಮುಖವೂ ಬೆಳ್ಳಗೆ ಕಾಣುತ್ತದೆ. ಖುಷಿಯಾಗಿ ತಿಂಗಳುಗಟ್ಟಲೆ ಹಚ್ಚುತ್ತೇವೆ. ಅದರಲ್ಲಿ ಸ್ಟಿರಾಯ್ಡ್ ಇರಬಹುದು. ಡಾಕ್ಟರು ಹೇಳಿದಷ್ಟು ದಿನ ಹಚ್ಚಿದರೆ ಅದು ಒಳ್ಳೆಯ ಔಷಧಿ. ನಾವೇ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ, ಕೆಂಪು ಗೆರೆ ಏಳುತ್ತವೆ, ಮೊಡವೆ ಬರುತ್ತವೆ, ಬಿಟ್ಟ ಕೂಡಲೇ ಉರಿ. 2018ರಲ್ಲಿ ಸರಕಾರ ಇಂಥ ಹದಿನಾಲ್ಕು ಸ್ಟಿರಾಯ್ಡ್ ಮಲಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ನಿಯಮ ಮಾಡಿದೆ.

ಬೆಳ್ಳಗೆ ಮಾಡುವ ಕ್ರೀಮಿನ ಮಾತೂ ಅಷ್ಟೇ. ಹೆಸರು, ವಿಳಾಸ ಇಲ್ಲದ ಕೆಲವು ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಮೂಲಕ ಒಳಗೆ ಹೋಗಿ ಮೂತ್ರಪಿಂಡ ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದ ಹಲವರಿಗೆ ಮೂತ್ರಪಿಂಡದ ರೋಗ ಬಂದದ್ದು ಸುದ್ದಿಯಾಗಿತ್ತು. ನಮ್ಮ ಬಣ್ಣ ಎರೆಮಣ್ಣಿನ ಬಣ್ಣ. ಅದರಲ್ಲಿ ಬೆಳೆ ಬರುತ್ತದೆ. ಅದಕ್ಕೆ ಬಿಳಿ ಬಣ್ಣ ಬಳಿಯಬೇಕಾಗಿಲ್ಲ.

ಅದಕ್ಕೇ ಡಬ್ಬಿ ಕೈಗೆ ಬಂದರೆ ನಾಲ್ಕು ಗುರುತು ನೋಡಿರಿ. ತಯಾರಿಸಿದವರ ಹೆಸರು, ವಿಳಾಸ ಇದೆಯೇ? ಮುಗಿಯುವ ತಾರೀಖು ಎಂದು? ಬೆಲೆ ಎಷ್ಟು? ಕೆಂಪು ಗೀಟು ಇದೆಯೇ? ಕೆಂಪು ಗೀಟು ಇದ್ದರೆ ಅದು ಡಾಕ್ಟರ ಚೀಟಿಯ ಔಷಧಿ. ತಾರೀಖು ಮತ್ತು ಬೆಲೆ ಅಂಕಿಯಲ್ಲಿ ಇರುತ್ತವೆ. ಅಂಕಿ ನೀವು ಈಗಾಗಲೇ ಕಲಿತೀರಿ. ಗೀಟು ನೋಡಲಿಕ್ಕೆ ಕಣ್ಣು ಸಾಕು. ಉಳಿದದ್ದು ತಿಳಿಯದಿದ್ದರೆ ಓದುವವರಿಗೆ ತೋರಿಸಿರಿ. ಕೇಳಲಿಕ್ಕೆ ನಾಚಬೇಡಿ.

ದೀಪಾವಳಿ ಬಂದರೆ ನಾವು ಗಂಡಂದಿರಿಗೆ, ಅಣ್ಣ ತಮ್ಮಂದಿರಿಗೆ, ಗಂಡುಮಕ್ಕಳಿಗೆ ಎಣ್ಣೆ ಹಚ್ಚಿ ಆರತಿ ಮಾಡುತ್ತೇವೆ. ಮಾಡಬೇಕು, ಬೇಡ ಅನ್ನುವುದಿಲ್ಲ. ಆದರೆ ನಮ್ಮ ತಲೆಗೆ ಯಾರು ಹಚ್ಚುತ್ತಾರೆ? ಈ ಕೇಂದ್ರದಲ್ಲಿ ನೀವು ಮೂವತ್ತು ಮಂದಿ ಇದ್ದೀರಿ. ತಿಂಗಳಿಗೊಂದು ದಿನ ಪಾಠ ಮುಗಿದ ಮೇಲೆ ಒಬ್ಬರ ತಲೆಗೆ ಒಬ್ಬರು ಎಣ್ಣೆ ಹಚ್ಚಿರಿ. ಒಬ್ಬರ ಕಾಲು ಒಬ್ಬರು ನೋಡಿರಿ. ಒಬ್ಬರ ಮನೆಯ ಚೀಟಿ ಇನ್ನೊಬ್ಬರು ಓದಿರಿ. ಎಣ್ಣೆ ಬಾಟಲಿ ನಾನು ತಂದಿದ್ದೇನೆ, ಇಲ್ಲೇ ಇಟ್ಟು ಹೋಗತೇನಿ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿರಿ. ದೇವರ ಪಟದ ಹಿಂದೆ, ಟ್ರಂಕಿನ ಒಳಗೆ, ಜಂತಿಯ ಸಂದಿನಲ್ಲಿ ಹುಡುಕಿರಿ. ಹಳೆಯ ಚೀಟಿ ಇದ್ದರೆ ನಾಳೆ ಪಾಟಿಯ ಜೊತೆ ತಗೊಂಡು ಬರ್ರಿ. ನಿಮ್ಮ ಟೀಚರಬಾಯಿ ಓದುತ್ತಾರೆ. ಇನ್ನು ಕೆಲವು ದಿನಕ್ಕೆ ನೀವೇ ಓದುತ್ತೀರಿ.

 

ಓದಿರಿ, ಬರೆಯಿರಿ

ಹಿಮ್ಮಡ. ಹೆರಳು. ಹಣಿಗೆ. ಕೊಬ್ಬರಿ ಎಣ್ಣೆ. ಚೀಟಿ. ತಾರೀಖು. ತಪಾಸಣೆ.

ಉತ್ತರ ಹೇಳಿರಿ

1. ಸ್ನಾನ ಆದ ಮೇಲೆ ಎಷ್ಟು ನಿಮಿಷದ ಒಳಗೆ ಎಣ್ಣೆ ಹಚ್ಚಬೇಕು? ಯಾಕೆ?
2. ನಿಮ್ಮ ಹೆರಳನ್ನು ಅಳೆಯಿರಿ. ಅದರ ತುದಿ ಎಷ್ಟು ವರ್ಷ ಹಳೆಯದು?
3. ಸಕ್ಕರೆ ಕಾಯಿಲೆ ಇದ್ದವರು ಕಾಲಿನ ಯಾವ ಭಾಗಕ್ಕೆ ಎಣ್ಣೆ ಹಚ್ಚಬಾರದು?
4. ನಿಮ್ಮ ಮನೆಯ ಒಂದು ಡಬ್ಬಿ ತನ್ನಿರಿ. ಮುಗಿಯುವ ತಾರೀಖು ಹುಡುಕಿ ಪಾಟಿಯ ಮೇಲೆ ಬರೆಯಿರಿ.